ಒಮಾನಿನಲ್ಲಿ ಏಳು ಪೆಟ್ಟಿನ ಹಾಡು

ಬಿ.ಸಿ.ರೋಡ್

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳಲು ಸುಲಭ. ಕಕ್ಕಿಂಜೆಯಲ್ಲಿ ಹುಟ್ಟಿ ಬೆಳೆದವಳಾದರೂ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಪಕ್ಕದಲ್ಲಿ ಕೂತವರ ಕೈ ಹಿಡಿದುಕೊಳ್ಳುತ್ತಿದ್ದೆ. ಅವರು ಗುರುತಿನವರೇ ಆಗಬೇಕೆಂದಿರಲಿಲ್ಲ. ಮದುವೆಯಾಗಿ ಬಂಟ್ವಾಳಕ್ಕೆ ಬಂದ ಮೇಲೆ ನೇತ್ರಾವತಿಯ ಹೆದರಿಕೆಯೂ ಸೇರಿಕೊಂಡಿತು. ಮಳೆಗಾಲದಲ್ಲಿ ಪೇಟೆಯ ಅಂಗಡಿಯವರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುವುದು ಕಂಡರೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಂಥವಳು ಎಪ್ಪತ್ತರ ದಶಕದ ಕೊನೆಯಲ್ಲಿ ಒಬ್ಬಳೇ ವಿಮಾನ ಹತ್ತಿ ಒಮಾನ್ ದೇಶಕ್ಕೆ ಹೋದೆ. ನನ್ನ ಗಂಡ ಶೇಖರ ಅಲ್ಲಿ ಮಸ್ಕತ್‌ನ ಒಂದು ಕಂಪೆನಿಯಲ್ಲಿ ಇಲೆಕ್ಟ್ರಿಶಿಯನ್. ನಮ್ಮಲ್ಲಿ ಗಂಡನನ್ನು 'ಇವರು' ಎನ್ನುವುದು ರೂಢಿ, ನಾನೂ ಹಾಗೆಯೇ ಬರೆಯುತ್ತೇನೆ. ಇವರಿಗೆ ಕೆಲಸದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಬೇಸ್ ಗಿಟಾರ್. ನಾನು ಇವರನ್ನು ಮೊದಲು ನೋಡಿದ್ದೇ ಮೂಡಬಿದಿರೆಯಲ್ಲಿ, ಅಕ್ಕನ ಮನೆಗೆ ಹೋಗಿದ್ದಾಗ. ಅಲ್ಲೊಂದು ಆರ್ಕೆಸ್ಟ್ರಾ ಬಂದಿತ್ತು. ಎಲ್ಲರೂ ಹಾಡುವವಳನ್ನು ನೋಡುತ್ತಿದ್ದರು. ನಾನು ಹಿಂದೆ ಮಂದ ಬೆಳಕಿನಲ್ಲಿ ನಿಂತು, ದಪ್ಪ ತಂತಿಯ ಗಿಟಾರನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದವರನ್ನು ನೋಡುತ್ತಿದ್ದೆ.

ಬೊಂಬಾಯಿ ಬಸ್ಸು ಹತ್ತಿಸಲು ಅತ್ತೆ ಬಿ.ಸಿ.ರೋಡಿನವರೆಗೂ ಬಂದಿದ್ದರು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು, ಇದರ ನಡುವೆ ನನ್ನ ಮುಖ ನೋಡಿ ಅವರಿಗೆ ಕನಿಕರವೂ ನಗುವೂ ಒಟ್ಟಿಗೆ ಬಂದಿರಬೇಕು.

"ಅಲ್ಲಿ ಮಳೆಯೇ ಇಲ್ಲವಂತೆ ನಳಿನಿ. ಹೊಳೆಯೂ ಇಲ್ಲವಂತೆ. ಹೆದರಲಿಕ್ಕೆ ಏನುಂಟು ನಿನಗೆ?" ಎಂದರು.

ರುವಿ

ಮಸ್ಕತ್‌ನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದೊಳಗೆ ಮಾವಿನ ಮಿಡಿಯ ಭರಣಿ ಸೋರಿ, ಇವರಿಗೆಂದು ತಂದ ಬಿಳಿ ಪಂಚೆಗಳೆಲ್ಲ ಕೆಂಪಾಗಿದ್ದವು. ಅಧಿಕಾರಿಯೊಬ್ಬ ಬೆರಳಿನಲ್ಲಿ ಮುಟ್ಟಿ, ಮೂಸಿ, ನನ್ನನ್ನು ದಿಟ್ಟಿಸಿ ನೋಡಿದ. ರಕ್ತವೆಂದುಕೊಂಡನೋ ಏನೋ. ಇಂಗಿನ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ಬೀಸಿ ಹೋಗು ಎಂದ.

ನಮ್ಮ ಮನೆ ರುವಿ ಎಂಬಲ್ಲಿ, ಒಂದು ಗೋದಾಮಿನ ಮೇಲಿನ ಮಾಳಿಗೆ. ಸುತ್ತ ಕಪ್ಪು ಬಂಡೆಯ ಬೆಟ್ಟಗಳು. ನಮ್ಮ ಕಡೆ ಬೆಟ್ಟವೆಂದರೆ ಹಸಿರು ಹೊದ್ದುಕೊಂಡಿರುತ್ತದೆ. ಇಲ್ಲಿ ಚರ್ಮವಿಲ್ಲದ ಮೂಳೆಯಂತೆ ನಿಂತಿದ್ದವು. ಕಿಟಕಿ ತೆರೆದರೆ ಅವು ಕೋಣೆಯೊಳಗೆ ಇಣುಕಿದಂತೆ ಆಗುತ್ತಿತ್ತು. ನಾನು ಪರದೆ ಎಳೆದುಬಿಡುತ್ತಿದ್ದೆ.

ಬಂದ ಮರುದಿನ ಸಂಜೆ ಕೆಳಗಿನ ಗೋದಾಮಿನಲ್ಲಿ ಇವರ ತಂಡದ ಅಭ್ಯಾಸ ಶುರುವಾಯಿತು. ಮೂರೇ ಜನ. ಹಾಡು ಕಟ್ಟಿ, ಗಿಟಾರ್ ನುಡಿಸಿ ಹಾಡುವವನು ಕಾಲಿನ್ ಎಂಬ ಆಂಗ್ಲ ಎಂಜಿನಿಯರ್. ಡ್ರಮ್ ಬಾರಿಸುವವನು ಮುರಾದ್, ಅಲ್ಲಿಯೇ ಹುಟ್ಟಿ ಬೆಳೆದ ಬಲೂಚಿ. ಮೂರನೆಯವರು ಇವರು. ನುಡಿಸುತ್ತಿದ್ದದ್ದು ರಾಕ್ ಸಂಗೀತ.

ನಾನು ಮೇಲೆ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಹಾಡು ಕೇಳುತ್ತ ಹೆಚ್ಚುವವರ ಕೈ ತಾನಾಗಿ ತಾಳಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಡ್ರಮ್ಮಿನ ದೊಡ್ಡ ಪೆಟ್ಟು ನಾನು ಕಾದಿದ್ದಕ್ಕಿಂತ ಮೊದಲೇ ಬಂದು ಬೀಳುತ್ತಿತ್ತು. ಪ್ರತಿ ಸುತ್ತಿನಲ್ಲಿಯೂ ಹಾಗೆಯೇ. ಬೆನ್ನ ಹಿಂದೆ ಯಾರೋ ಒಂದು ಹೆಜ್ಜೆ ಹತ್ತಿರ ಬಂದಂತೆ, ಮತ್ತೊಂದು ಹೆಜ್ಜೆ ಹತ್ತಿರ ಬಂದಂತೆ. ತಿರುಗಿ ನೋಡಿದೆ, ಬೆರಳು ಕೊಯ್ದುಕೊಂಡೆ.

ಇವರು ಮೇಲೆ ಬಂದು ಬೆರಳಿಗೆ ಬಟ್ಟೆ ಸುತ್ತಿದರು.

"ನಿಮ್ಮ ಡ್ರಮ್ಮಿನವನಿಗೆ ತಾಳ ಬರುವುದಿಲ್ಲವಾ?" ಎಂದು ಕೇಳಿದೆ.

"ಅದು ಏಳು ಪೆಟ್ಟಿನ ಹಾಡು ಮಾರಾಯ್ತಿ," ಎಂದು ನಕ್ಕರು. "ಹೆಚ್ಚಿನ ಹಾಡು ನಾಲ್ಕರಲ್ಲೋ ಎಂಟರಲ್ಲೋ ನಡೀತದೆ. ಇದರಲ್ಲಿ ಏಳಕ್ಕೇ ತಿರುಗಬೇಕು. ಆಮೇಲೆ ಉತ್ತರ ಕೊಟ್ಟ ಹಾಗೆ ಐದರದ್ದೊಂದು ಸಾಲು ಬರ್ತದೆ."

"ಯಕ್ಷಗಾನದ ತ್ರಿವುಡೆ ತಾಳವೂ ಏಳೇ ಅಲ್ವಾ? ಮಾವ ಮದ್ದಲೆ ಬಾರಿಸುವಾಗ ಎಷ್ಟು ಸಲ ಕೇಳಿದ್ದೇನೆ. ಅದಕ್ಕೆ ಹೆದರಿಕೆ ಆಗ್ತಿರಲಿಲ್ಲ."

"ಅಲ್ಲಿ ಭಾಗವತರು ಜಾಗಟೆ ಹಿಡಿದು ದಾರಿ ತೋರಿಸ್ತಾರೆ. ಇಲ್ಲಿ ಯಾರೂ ತೋರಿಸುವುದಿಲ್ಲ. ಅವರವರೇ ನೆನಪಿಟ್ಟುಕೊಳ್ಳಬೇಕು."

"ಇನ್ನೊಂದು ಪೆಟ್ಟು ಸೇರಿಸಿದರೆ ಏನಾಗ್ತದೆ?"

"ಸೇರಿಸಿದರೆ ಎಲ್ಲ ಹಾಡಿನ ಹಾಗೇ ಆಗ್ತದೆ, ಜನ ಕೇಳುವುದು ಬಿಟ್ಟು ಅವರವರೇ ಮಾತಾಡಲಿಕ್ಕೆ ಶುರು ಮಾಡ್ತಾರೆ." ಇವರು ಬಟ್ಟೆಗೆ ಗಂಟು ಹಾಕಿದರು. "ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಉಂಟು ಅಂತ ಕಾಲು ಇಡ್ತೇವೆ, ನೆಲವೇ ಸಿಕ್ಕಿಬಿಡ್ತದೆ. ಎದೆ ಧಸಕ್ ಅಂತದಲ್ಲ? ಆ ಧಸಕ್ಕಿಗಾಗಿಯೇ ಈ ಹಾಡು."

"ಹೆದರಿಕೆಗೂ ರುಚಿ ಉಂಟಾ?"

"ನೆಲ ಸಿಕ್ಕಿದ ಮೇಲೆ ಉಂಟು," ಎಂದರು.

ಆ ದಿನ ಮೂವರೂ ನಮ್ಮಲ್ಲೇ ಊಟ ಮಾಡಿದರು. ಮುರಾದ್‌ಗೆ ಒಂದು ಅಭ್ಯಾಸವಿತ್ತು: ಎಲ್ಲಿ ಕೂತರೂ ಮೊದಲು ಮೇಜು, ಬಟ್ಟಲು, ಗೋಡೆ, ಏನು ಸಿಕ್ಕಿದರೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಊಟಕ್ಕೆ ಕೈಹಾಕುವುದು. ಕಾಲಿನ್ ನೀರುದೋಸೆಯನ್ನು ಕರವಸ್ತ್ರದಂತೆ ಮಡಚಿ ತಿಂದ. ನಾನು ಕೇಳಿದ್ದಕ್ಕೆ ಅವನು ತೊಡೆಯ ಮೇಲೆ ತಟ್ಟಿ ತೋರಿಸಿದ, ಏಳು, ಅದರ ಹಿಂದೆ ಐದು. ನಾನೂ ತಟ್ಟಿದೆ. ಏಳು ಮುಗಿದರೂ ಬೇಡದ ಎಂಟನೆಯ ಪೆಟ್ಟು ಕೈಯಿಂದ ಜಾರಿ ಬೀಳುತ್ತಿತ್ತು. ಅದನ್ನು ತಡೆಹಿಡಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಹೆದರಿಕೆ ಬಿಟ್ಟಿರಲಿಲ್ಲ. ಆದರೆ ಅವರು ಹೋದ ಮೇಲೆ ಪಾತ್ರೆ ತಿಕ್ಕುತ್ತ ಅದನ್ನೇ ತಟ್ಟುತ್ತಿದ್ದೆ.

ಶುಕ್ರವಾರ, ನಿಜ್ವಾ ದಾರಿ

ನಿಜ್ವಾ ಊರಿನ ಹತ್ತಿರ ಒಂದು ಅತಿಥಿಗೃಹದಲ್ಲಿ ವಿದೇಶೀ ಕುಟುಂಬಗಳು ರಜೆಗೆ ಸೇರುತ್ತಿದ್ದವು. ಅಲ್ಲಿ ನುಡಿಸಲು ಕರೆ ಬಂದಿತ್ತು. ಕಾಲಿನ್‌ನ ಏಳು ಪೆಟ್ಟಿನ ಹಾಡನ್ನು ಮೊದಲ ಸಲ ಜನರ ಮುಂದೆ ನುಡಿಸುವುದೆಂದು ಮೂವರಿಗೂ ಉತ್ಸಾಹ. ನಾನು ಬರುವುದಿಲ್ಲ ಎಂದೆ. ಆದರೆ ಒಬ್ಬಳೇ ಆ ಮಾಳಿಗೆಯಲ್ಲಿ, ಆ ಬೆಟ್ಟಗಳ ಎದುರು ಕೂರುವುದನ್ನು ನೆನೆದು ಸೀರೆ ಉಟ್ಟು ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕೂತೆ.

ದಾರಿಯಲ್ಲಿ ಒಂದು ಹಳ್ಳಿಯಲ್ಲಿ ಮುರಾದ್‌ನ ನೆಂಟರ ಮನೆ. ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು. ಕುಡಿದು ಬಟ್ಟಲು ಹಿಂತಿರುಗಿಸಿದೆ. ಮತ್ತೆ ತುಂಬಿದರು. ನಮ್ಮಲ್ಲಿ ನೆಂಟರ ಮನೆಯಲ್ಲಿ ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರಲ್ಲ, ಮತ್ತೆ ಕುಡಿದೆ. ಮತ್ತೆ ತುಂಬಿದರು. ಸಾಕೆನ್ನಬೇಕಾದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕಂತೆ! ಅದು ಗೊತ್ತಾಗುವಷ್ಟರಲ್ಲಿ ನನ್ನ ಎದೆ ಡ್ರಮ್ಮಿನಂತೆ ಹೊಡೆದುಕೊಳ್ಳುತ್ತಿತ್ತು. ಮನೆಯ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಆ ದಿನದ ಕೊನೆಯ ನಗು ಅದು.

ಅಲ್ಲಿಂದ ಮುಂದೆ ರಸ್ತೆ ಒಣಗಿದ ಹಳ್ಳಗಳನ್ನು ದಾಟಿ ದಾಟಿ ಹೋಗುತ್ತದೆ. ಅವರು 'ವಾದಿ' ಎನ್ನುತ್ತಾರೆ. ಸೇತುವೆ ಇಲ್ಲ, ರಸ್ತೆಯೇ ಹಳ್ಳಕ್ಕಿಳಿದು, ಉರುಟು ಕಲ್ಲುಗಳ ನಡುವೆ ಹಾದು, ಆಚೆ ಏರುತ್ತದೆ. ಒಂದೆಡೆ ರಸ್ತೆಯ ಬದಿಯಲ್ಲಿ ಕೆಂಪು ಬಿಳಿ ಬಣ್ಣ ಬಳಿದ ಕಂಬಗಳು ಕಂಡವು, ನನಗಿಂತ ಎತ್ತರ.

"ಅದೇನು?" ಎಂದು ಇವರನ್ನು ಕೇಳಿದೆ.

"ನೀರಿನ ಆಳ ನೋಡಲಿಕ್ಕೆ."

ಹನಿ ನೀರಿಲ್ಲದ ಊರಿನಲ್ಲಿ ಆಳೆತ್ತರದ ಅಳತೆಗಂಬ. ನಾನು ಇವರ ಕೈ ಹಿಡಿದುಕೊಂಡೆ. ಆ ಹಳ್ಳ ದಾಟಿದೆವು, ಏನೂ ಆಗಲಿಲ್ಲ. ಮುಂದಿನ ಹಳ್ಳ ಇನ್ನೂ ಅಗಲ. ಅದರ ನಡುವೆ ರಸ್ತೆ ಕಿತ್ತುಹೋಗಿತ್ತು. ವ್ಯಾನಿನ ಹಿಂದಿನ ಚಕ್ರ ಕಲ್ಲಿನಲ್ಲಿ ಹುಗಿದು ಗಿರ್ರನೆ ತಿರುಗತೊಡಗಿತು.

ಸಂಜೆಯಾಗುತ್ತ ಬಂದಿತ್ತು. ದೂರದ ಬೆಟ್ಟದ ತಲೆಯ ಮೇಲೆ ಮೋಡ ಕಪ್ಪಗೆ ಕೂತಿತ್ತು. ನಾವಿದ್ದಲ್ಲಿ ಬಿಸಿಲು. ಮುರಾದ್ ಆ ಮೋಡವನ್ನು ನೋಡಿದ. ಮಾತು ಕಡಿಮೆ ಮಾಡಿ ಕೆಲಸ ಬೇಗ ಬೇಗ ಮಾಡತೊಡಗಿದ. ನನಗೆ ಹೆದರಿಕೆ ಹುಟ್ಟಿದ್ದು ಮೋಡದಿಂದಲ್ಲ, ಅವನ ಆ ಅವಸರದಿಂದ.

ಭಾರ ಇಳಿಸಿದರೆ ವ್ಯಾನು ಏಳುತ್ತದೆ ಎಂದು ಕಾಲಿನ್ ಹೇಳಿದ. ಅವನು, ಮುರಾದ್ ಮತ್ತು ನಾನು ಡ್ರಮ್ಮುಗಳನ್ನು, ಹಿತ್ತಾಳೆಯ ದೊಡ್ಡ ತಾಳದ ತಟ್ಟೆಯನ್ನು ಹೊತ್ತು ಮುಂದಿನ ದಡಕ್ಕೆ ಸಾಗಿಸಿದೆವು. ಇವರು ಗಿಟಾರ್, ಆಂಪ್ಲಿಫೈಯರ್ ಬಿಚ್ಚಿಕೊಂಡು ಬರುತ್ತೇನೆಂದು ವ್ಯಾನಿನಲ್ಲಿ ಉಳಿದರು.

ಮೊದಲು ಬಂದದ್ದು ತಣ್ಣನೆಯ ಗಾಳಿ, ಹಸಿ ಮಣ್ಣಿನ ವಾಸನೆ. ನಮ್ಮೂರ ಮೊದಲ ಮಳೆಯ ವಾಸನೆ ಅದು. ಒಂದು ಕ್ಷಣ ನನಗೆ ಹಾಯೆನಿಸಿತ್ತು ಕೂಡ. ಆಮೇಲೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ನಿಲ್ಲದೆ. ಮುರಾದ್ ಗಂಟಲು ಹರಿಯುವಂತೆ "ಶೇಖರ್, ಓಡು!" ಎಂದು ಕೂಗಿದ.

ನೇತ್ರಾವತಿ ಏರುವುದಕ್ಕೆ ಹೊತ್ತು ಬೇಕು. ನೀರು ಕೆಂಪಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಮುಳುಗುತ್ತದೆ. ಹೆದರಲು ನಮಗೆ ಸಮಯ ಕೊಡುತ್ತದೆ. ಈ ಹಳ್ಳ ಕೊಡಲಿಲ್ಲ. ತಿರುವಿನಲ್ಲಿ ಕಂದು ನೊರೆಯ ಗೋಡೆ ಕಾಣಿಸಿತು, ಅಷ್ಟೆ. ಇವರು ವ್ಯಾನಿನಿಂದ ಹಾರಿ, ನಾವಿದ್ದ ದಡ ದೂರವೆಂದು ಹಿಂದಿನ ದಡಕ್ಕೆ ಓಡುವುದನ್ನು ಕಂಡೆ. ವ್ಯಾನು ಒಮ್ಮೆ ತಿರುಗಿ, ಬಾಗಿಲು ತೆರೆದುಕೊಂಡೇ ತೇಲಿಹೋಯಿತು. ಅದರ ಆಚೆ ಯಾರೂ ಕಾಣಲಿಲ್ಲ.

ಈ ದಡ

ಹಿಂದೆಯೇ ಮಳೆಯೂ ಬಂತು. ಧೂಳು ಮಿಶ್ರಿತ ಮಳೆ. ಎದುರು ದಡ ಅಳಿಸಿಹೋಯಿತು. ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ನೀರಿನ ತಳದಲ್ಲಿ ಬಂಡೆಗಳು ಉರುಳುತ್ತಿದ್ದವು, ಧಡ್ ಧಡ್ ಎಂದು. ನಾನು ನೀರಿನತ್ತ ನಡೆದಿರಬೇಕು. ಕಾಲಿನ್ ನನ್ನ ರಟ್ಟೆ ಹಿಡಿದು ಹಿಂದೆಳೆದ. ಅವನ ಉಗುರಿನ ಗುರುತು ಎಷ್ಟೋ ದಿನ ಉಳಿದಿತ್ತು.

ಮುರಾದ್ ಆ ಹಿತ್ತಾಳೆಯ ತಟ್ಟೆಯನ್ನು ಎತ್ತಿ ಹಿಡಿದು, ಕೋಲಿನಿಂದ ನಾಲ್ಕು ಸಲ ಬಾರಿಸಿದ. ಕಿವಿ ಚುಚ್ಚುವ ಸದ್ದು ನೀರಿನ ಗದ್ದಲವನ್ನು ಸೀಳಿಕೊಂಡು ಹೋಯಿತು. ಆಚೆಯಿಂದ ನಾಲ್ಕು ಪೆಟ್ಟು ಕೇಳಿಸಿತು!

"ಇದ್ದಾರೆ! ಇವರು ಇದ್ದಾರೆ!" ಎಂದು ನಾನು ಕಿರುಚಿದೆ.

ಮುರಾದ್ ಮತ್ತೆ ಕೋಲೆತ್ತಿದ. ಮೂರು ಬಾರಿಸಿದ. ಮೂರು ಬಂತು. ಎರಡು ಬಾರಿಸಿದ. ಎರಡು ಬಂತು. ಕಾಲಿನ್ ಮೆಲ್ಲನೆ, "ಬೆಟ್ಟ. ಬೆಟ್ಟಕ್ಕೆ ತಾಗಿ ಹಿಂದೆ ಬರುತ್ತಿದೆ," ಎಂದ.

ಆ ಮೂಳೆಯಂಥ ಬೆಟ್ಟಗಳು ನನ್ನನ್ನು ಅಣಕಿಸುತ್ತಿದ್ದವು. ಕಲ್ಲಿನ ಮೇಲೆ ಕುಸಿದು ಕೂತೆ. ಅತ್ತೆಗೆ ಏನೆಂದು ಹೇಳಲಿ, ಹೊಳೆಯೇ ಇಲ್ಲದ ಊರಿನಲ್ಲಿ ನಿಮ್ಮ ಮಗನನ್ನು ನೀರು ಕೊಂಡುಹೋಯಿತು ಎಂದು ಹೇಗೆ ಹೇಳಲಿ?

ಆಗ ಮುರಾದ್ ಏಳು ಬಾರಿಸಿದ. ಆ ಹಾಡಿನ ಏಳು. ಮೂರು, ಎರಡು, ಎರಡು ಎಂದು ಒಡೆದು ನಡೆಯುವ ಅದೇ ಸಾಲು. ಬೆಟ್ಟ ಏಳನ್ನು ಹಿಂತಿರುಗಿಸಿತು. ಅದು ನಿಂತ ಮೇಲೆ, ಸ್ವಲ್ಪ ತಡವಾಗಿ, ಬೇರೆಯದೇ ಸದ್ದು ಬಂತು. ಡಬ್ಬಿ ಬಡಿದಂಥ ಒಡಕು ಸದ್ದು. ಎರಡು, ಮೂರು. ಒಟ್ಟು ಐದು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುರಾದ್ ಮತ್ತೆ ಏಳು ಬಾರಿಸಿದ. ಬೆಟ್ಟದ ಏಳು. ಅದರ ಹಿಂದೆ ಆ ಒಡಕು ಡಬ್ಬಿಯ ಐದು.

ಬೆಟ್ಟ ಕೊಟ್ಟದ್ದನ್ನೇ ಕೊಡುತ್ತದೆ. ಉರುಳುವ ಬಂಡೆಗೆ ಲೆಕ್ಕವಿಲ್ಲ. ಏಳಕ್ಕೆ ಐದೆಂದು ಉತ್ತರ ಕೊಡಬಲ್ಲವರು ಆ ದಡದಲ್ಲಿ ಒಬ್ಬರೇ ಇದ್ದರು. ಕಾಲಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಜನರನ್ನು ಕರೆತರುತ್ತೇನೆಂದು ಮುರಾದ್ ಕೋಲನ್ನು ನನ್ನ ಕೈಗಿಟ್ಟು ರಸ್ತೆಯ ಮುಂದಿನ ಹಳ್ಳಿಯ ಕಡೆ ಓಡಿದ. ಕಾಲಿನ್ ತಟ್ಟೆ ಎತ್ತಿ ಹಿಡಿದ, ನಾನು ಬಾರಿಸಿದೆ. ಹೆದರಿಕೆಯಲ್ಲಿ ಲೆಕ್ಕ ತಪ್ಪಿ ಎಂಟಾಗುತ್ತಿತ್ತು. ಎಂಟಾದರೆ ಆಚೆಯಿಂದ ಉತ್ತರ ತಡವಾಗುತ್ತಿತ್ತು, ಇವರು ಗೊಂದಲಕ್ಕೆ ಬೀಳುತ್ತಿದ್ದರೆಂದು ಕಾಣುತ್ತದೆ. ನಾನು ಸೋತಾಗ ಕಾಲಿನ್ ಬಾರಿಸಿದ, ಅವನು ತಪ್ಪಿದಾಗ ನಾನು. ಕಡೆಗೆ ಮಾವ ಮದ್ದಲೆಗೆ ಹೇಳಿಕೊಳ್ಳುತ್ತಿದ್ದ ಹಾಗೆ ಬಾಯಲ್ಲಿ 'ತಕಿಟ ತಕ ತಕ' ಎಂದು ಹೇಳಿಕೊಂಡೇ ಬಾರಿಸಿದೆ. ಪ್ರತಿ ಏಳರ ಕೊನೆಯಲ್ಲಿ ನನ್ನ ಜೀವ ನಿಂತಿರುತ್ತಿತ್ತು. ಐದು ಬಂದರೆ ಮತ್ತೆ ಉಸಿರು.

ಬೆಳಕು ಬೂದಿಯ ಬಣ್ಣಕ್ಕೆ ತಿರುಗುತ್ತಿದ್ದಾಗ ಐದು ಬರಲಿಲ್ಲ.

ಮತ್ತೆ ಬಾರಿಸಿದೆ. ಬೆಟ್ಟದ ಏಳು ಮಾತ್ರ. ಇನ್ನೊಮ್ಮೆ. ಬೆಟ್ಟ ಮಾತ್ರ. ಕಾಲಿನ್ ಏನೋ ಸಮಾಧಾನ ಹೇಳಿದ. ಅವನ ತುಟಿ ಅಲ್ಲಾಡಿದ್ದಷ್ಟೇ ನನಗೆ ಕಂಡಿತು. ಅಂಗೈ ಒಡೆದು ಕೋಲು ಜಾರುತ್ತಿತ್ತು. ಸೆರಗಿನಲ್ಲಿ ಸುತ್ತಿ ಹಿಡಿದು ಬಾರಿಸಿದೆ. ಉತ್ತರವಿಲ್ಲ. ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲಾರೆ.

ಆ ದಡ

ಏರಿದಷ್ಟೇ ಅವಸರದಲ್ಲಿ ನೀರು ಇಳಿಯಿತು. ಮುರಾದ್ ಹಳ್ಳಿಯವರ ಎತ್ತರದ ಲಾರಿಯಲ್ಲಿ ಬಂದ. ನಾನು ಹತ್ತಿ ಕೂತೆ, ಚಾಲಕ ಬೇಡವೆಂದರೂ ಇಳಿಯಲಿಲ್ಲ. ಚಕ್ರದ ಮಟ್ಟದ ನೀರಿನಲ್ಲಿ ಲಾರಿ ವಾಲುತ್ತ ದಾಟುವಾಗ ನಾನು ಯಾರ ಕೈಯನ್ನೂ ಹಿಡಿಯಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ದಡದ ಮೇಲೆ ಒಂದು ಬಂಡೆಯ ಮರೆಯಲ್ಲಿ ಆಡಿನ ಕೊಟ್ಟಿಗೆ. ಮುಂದೆ ಬೆಂಕಿ. ಬೆಂಕಿಯ ಪಕ್ಕ ಕಂಬಳಿ ಹೊದ್ದು, ಬಾಯಲ್ಲಿ ಖರ್ಜೂರ ತುಂಬಿಕೊಂಡು ಇವರು ಕೂತಿದ್ದರು. ಹಣೆ ಒಡೆದಿತ್ತು. ಒಂದು ಕಾಲು ಊದಿತ್ತು. ಎದುರಿಗೆ, ಆ ಕಡೆಯ ಹೆಂಗಸರ ರೂಢಿಯಂತೆ ಮೂಗು ಹುಬ್ಬು ಮುಚ್ಚುವ ಕಪ್ಪು ಮುಖವಾಡ ಧರಿಸಿದ ಮುದುಕಿಯೊಬ್ಬಳು ನಿಂತು ಇವರನ್ನು ಚೆನ್ನಾಗಿ ಬೈಯುತ್ತಿದ್ದಳು. ಆಡುಗಳಿಗೆ ನೀರಿಡುವ ನಜ್ಜುಗುಜ್ಜಾದ ಡಬ್ಬಿಯನ್ನು ಕಂಕುಳಲ್ಲಿ ಭದ್ರವಾಗಿ ಒತ್ತಿಕೊಂಡಿದ್ದಳು.

"ಯಾಕೆ ನಿಲ್ಲಿಸಿದಿರಿ?" ನನಗೆ ಬಂದದ್ದು ಅದೊಂದೇ ಮಾತು. "ಯಾಕೆ ನಿಲ್ಲಿಸಿದಿರಿ?"

"ನಾನಲ್ಲ ನಳಿನಿ. ಇವಳು ಬಂದವಳೇ ಡಬ್ಬಿ ಕಿತ್ತುಕೊಂಡಳು. ಎಷ್ಟು ಬೇಡಿದರೂ ಕೊಡಲಿಲ್ಲ," ಎಂದರು. ಚಳಿಗೆ ಇವರ ಹಲ್ಲು ಕಟಕಟ ಎನ್ನುತ್ತಿತ್ತು.

ನಾನು ಅಳುತ್ತ ನಗುತ್ತ ಇವರ ಪಕ್ಕ ಕೂತೆ. ಮುದುಕಿ ನನ್ನ ಅಂಗೈ ನೋಡಿ, ಇದೂ ಒಂದು ಹುಚ್ಚು ಎನ್ನುವಂತೆ ತಲೆ ಅಲ್ಲಾಡಿಸಿ, ನನ್ನ ಬಾಯಿಗೂ ಒಂದು ಖರ್ಜೂರ ತುರುಕಿದಳು.

ಮತ್ತೆ ಅದೇ ದಾರಿ

ಮಸ್ಕತ್‌ಗೆ ಮರಳಿದ ಮೇಲೆ ಕಾಲಿನ್ ಎಲ್ಲಿಂದಲೋ ಇನ್ನೊಂದು ಬೇಸ್ ಗಿಟಾರ್ ತಂದುಕೊಟ್ಟ. ಇವರು ಎಲ್ಲ ಹಾಡು ನುಡಿಸಿದರು. ಆ ಹಾಡಿಗೆ ಬಂದಾಗ ಮಾತ್ರ ಎಂಟಕ್ಕೆ ಹೋಗಿಬಿಟ್ಟರು. ಮತ್ತೆ ಶುರುಮಾಡಿದರು, ಮತ್ತೆ ಎಂಟು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮುರಾದ್ ಕೋಲು ಕೆಳಗಿಟ್ಟ. ಕಾಲಿನ್ ಏನೂ ಆಗದವನಂತೆ ಬೇರೆ ಹಾಡು ಎತ್ತಿಕೊಂಡ.

ಮೇಲೆ ಬಂದ ಮೇಲೆ ಇವರು ಹೇಳಿದರು: "ಅಲ್ಲಿ ಕೂತು ಬಡಿಯುವಾಗ ಒಂದು ತಪ್ಪಿದರೆ ನೀವೆಲ್ಲ ಎದ್ದು ಹೋಗ್ತೀರಿ ಅಂತ ಅನ್ನಿಸ್ತಿತ್ತು. ಈಗ ಎದೆ ಧಸಕ್ ಅಂದರೆ ನೆಲ ಸಿಗುವುದೇ ಇಲ್ಲ ಅನ್ನಿಸ್ತದೆ."

ಇವರಲ್ಲಿ ಹೆದರಿಕೆ ಎಂಬುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಹೆದರಿಕೆಯನ್ನು ನೋಡಿಕೊಳ್ಳಲು ಇವರಿದ್ದರು. ಇವರದನ್ನು ನೋಡಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಆ ಹಾಡನ್ನು ಇವರು ಮತ್ತೆ ನುಡಿಸಿದ್ದು ಮರುವರ್ಷ. ನಾನು ಹೇಳಬೇಕಾದದ್ದು ಅದಕ್ಕೂ ಮೊದಲಿನ ಒಂದು ಶುಕ್ರವಾರದ ವಿಷಯ.

"ಆ ಅಜ್ಜಿಯನ್ನು ನೋಡಿಕೊಂಡು ಬರುವ," ಎಂದು ಹೊರಡಿಸಿದವಳು ನಾನೇ. ಸಕ್ಕರೆ, ಬಟ್ಟೆ, ಒಂದು ಹೊಸ ಬಾಲ್ದಿ ಕಟ್ಟಿಕೊಂಡು ಮುರಾದ್‌ನ ಜೊತೆ ಹೋದೆವು. ಆಡುಗಳು ಈಗ ಮುಂದಿನ ದಡದಲ್ಲಿ ಮೇಯುತ್ತಿದ್ದವು. ಕಾರನ್ನು ಈಚೆ ನಿಲ್ಲಿಸಿ ಇವರು ಕೂತಲ್ಲೇ ಕೂತರು. ಮುರಾದ್ ದಾಟಿಹೋಗಿ ಮುದುಕಿಯನ್ನೇ ಕರೆತಂದ. ಅವಳು ಬಾಲ್ದಿಯನ್ನು ತಟ್ಟಿ ನೋಡಿ ಇವರತ್ತ ಅನುಮಾನದಿಂದ ನೋಡಿದಳು.

"ಆ ದಿನ ಡಬ್ಬಿ ಯಾಕೆ ಕಿತ್ತುಕೊಂಡಿರಿ, ಕೇಳು," ಎಂದು ಮುರಾದ್‌ಗೆ ಹೇಳಿದೆ.

ಮುದುಕಿ ಉತ್ತರಿಸುವಾಗ ಅವಳ ದನಿ ತಗ್ಗಿತು. ಮುರಾದ್ ನಮಗೆ ತಿಳಿಸಿದ: "ಇವನು ಬಡಿದಾಗಲೆಲ್ಲ ಆಚೆಯಿಂದ ಯಾರೋ ಓಗೊಡುತ್ತಿದ್ದರು. ಮನುಷ್ಯರ ಲೆಕ್ಕದ ಹಾಗೆ ಇರಲಿಲ್ಲ ಅದು. ಇವನು ನೀರನ್ನೇ ಮತ್ತೆ ಕರೆಯುತ್ತಿದ್ದಾನೆ ಅಂತ ಹೆದರಿದಳಂತೆ. ಆದರೂ ಹತ್ತಿರ ಬಂದಳಂತೆ, ಒಬ್ಬನೇ ಇದ್ದಾನಲ್ಲ ಎಂದು."

ಇವರು ಕಾರಿನಿಂದ ಇಳಿದರು. ಮುದುಕಿ ಸಕ್ಕರೆ ಪೊಟ್ಟಣ ಹಿಡಿದು ಮುಂದೆ ಹೊರಟಳು, ಕಾಫಿಗೆ ಬನ್ನಿ ಎಂದು ಕೈ ಮಾಡುತ್ತ.

ಹಳ್ಳದ ನಡುವೆ, ವ್ಯಾನು ಹುಗಿದಿದ್ದ ಜಾಗದಲ್ಲಿರಬೇಕು, ಇವರು ಗಕ್ಕನೆ ನಿಂತರು. ಕಿವಿಗೊಟ್ಟರು. ನಾನೂ ಕಿವಿಗೊಟ್ಟೆ. ಕಲ್ಲುಗಳು ಬಿಸಿಲಿಗೆ ಸುಮ್ಮನೆ ಬಿದ್ದಿದ್ದವು. ಮೋಡ ಎಲ್ಲಿಯೂ ಇರಲಿಲ್ಲ. ಆದರೂ ನನ್ನ ಕಿವಿಯೊಳಗೆ ಆ ದಿನದ ಜಲ್ಲಿ ಸುರಿಯುವ ಸದ್ದು ಎದ್ದಿತು.

"ಏನಾದರೂ ಕೇಳ್ತದಾ?" ಎಂದರು.

"ಆಡಿನ ಗಂಟೆ," ಎಂದೆ. "ನಡೆಯಿರಿ, ನಾನು ಮುಂದೆ ಹೋಗ್ತೇನೆ."